ಕಲ್ಯಾಣ ಕರ್ನಾಟಕದ ಗಡಿ ಪ್ರದೇಶ: ಅಭಿವೃದ್ಧಿ, ಅಂತರರಾಜ್ಯ ಸಹಕಾರ ಮತ್ತು ನಾಗರಿಕ ಸೇವೆಗಳು

1. ಪೀಠಿಕೆ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಎಂಬ ಏಳು ಜಿಲ್ಲೆಗಳನ್ನು ಒಳಗೊಂಡ ಪ್ರದೇಶವನ್ನು ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುತ್ತದೆ. 2019ರ ಸೆಪ್ಟೆಂಬರ್‌ವರೆಗೆ ಇದು ಹೈದರಾಬಾದ್-ಕರ್ನಾಟಕ ಎಂಬ ಹೆಸರಿನಲ್ಲಿ ಪರಿಚಿತವಾಗಿತ್ತು. ಈ ಪೈಕಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳು ಮಹಾರಾಷ್ಟ್ರ, ತೆಲಂಗಾಣ ಅಥವಾ ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿವೆ.

ಗಡಿ ಗ್ರಾಮಗಳ ಜನರ ದೈನಂದಿನ ಜೀವನವು ರಾಜ್ಯದ ಎಲ್ಲೆಗೆ ಸೀಮಿತವಾಗಿರುವುದಿಲ್ಲ. ಹೆಣ್ಣು ಕೊಟ್ಟು ತರುವ ಸಂಬಂಧ, ಹೊಲ, ಸಂತೆ, ಆಸ್ಪತ್ರೆ, ಶಾಲೆ ಇವೆಲ್ಲವೂ ಎಲ್ಲೆಯ ಎರಡೂ ಬದಿಯಲ್ಲಿರುತ್ತವೆ. ಆದರೆ ಸರ್ಕಾರದ ಸೌಲಭ್ಯಗಳಲ್ಲಿ ಕೆಲವು ಎಲ್ಲೆಯ ಆಚೆಗೂ ದೊರೆಯುತ್ತವೆ, ಕೆಲವು ದೊರೆಯುವುದಿಲ್ಲ. ಈ ವ್ಯತ್ಯಾಸದ ಅರಿವಿಲ್ಲದೆ ಸಲ್ಲಿಸಿದ ಅರ್ಜಿಗಳು ತಿರಸ್ಕೃತಗೊಳ್ಳುವ ಅಥವಾ ಅರ್ಹರು ಅರ್ಜಿಯನ್ನೇ ಸಲ್ಲಿಸದೆ ಉಳಿಯುವ ಸಂಭವವಿರುತ್ತದೆ. ಪ್ರದೇಶದ ಹಿನ್ನೆಲೆ, ಅಭಿವೃದ್ಧಿಗಾಗಿ ಇರುವ ಸಂವಿಧಾನಾತ್ಮಕ ಏರ್ಪಾಡು, ನೆರೆ ರಾಜ್ಯಗಳೊಂದಿಗಿನ ಸಹಕಾರದ ವ್ಯವಸ್ಥೆ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಪ್ರದೇಶದ ಹಿನ್ನೆಲೆ

ನಿಜಾಮರ ಆಳ್ವಿಕೆಯಲ್ಲಿದ್ದ ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಒಕ್ಕೂಟದಲ್ಲಿ ವಿಲೀನಗೊಂಡಿತು. ರಾಜ್ಯಗಳ ಪುನರ್‌ವಿಂಗಡಣಾ ಅಧಿನಿಯಮ, 1956ರ ಅನ್ವಯ ದಿನಾಂಕ 1-11-1956ರಂದು ಹೈದರಾಬಾದ್ ರಾಜ್ಯವನ್ನು ಮೂರು ಭಾಗಗಳಾಗಿ ವಿಂಗಡಿಸಲಾಯಿತು. ತೆಲುಗು ಭಾಷಿಕ ಜಿಲ್ಲೆಗಳು ಆಂಧ್ರಪ್ರದೇಶಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ ಹಾಗೂ ಕನ್ನಡ ಜಿಲ್ಲೆಗಳಾದ ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿಯು ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳನ್ನು ಹೊರತುಪಡಿಸಿ 1953ರಲ್ಲಿಯೇ ಮೈಸೂರಿಗೆ ಸೇರಿತ್ತು.

ಈ ವಿಂಗಡಣೆಯಲ್ಲಿ ಜಿಲ್ಲೆಗಳು ಇಡಿಯಾಗಿ ವರ್ಗಾವಣೆಗೊಳ್ಳಲಿಲ್ಲ. ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಹಾಗೂ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಮತ್ತು ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಒಂದೇ ಜಿಲ್ಲಾ ಕಚೇರಿಗೆ ಹೋಗುತ್ತಿದ್ದ ಗ್ರಾಮಗಳು ಬೇರೆ ಬೇರೆ ರಾಜ್ಯಗಳ ಗ್ರಾಮಗಳಾದವು. ಇಂದಿಗೂ ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲು ಮಾರ್ಗವು ತೆಲಂಗಾಣದಲ್ಲಿರುವ ಕೃಷ್ಣಾ ನಿಲ್ದಾಣದ ಮೂಲಕ ಹಾದುಹೋಗುತ್ತದೆ.

ತರುವಾಯ 1997ರಲ್ಲಿ ರಾಯಚೂರಿನಿಂದ ಕೊಪ್ಪಳ, 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗಾದಿಂದ ಯಾದಗಿರಿ ಹಾಗೂ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗಳನ್ನು ರಚಿಸಲಾಯಿತು. ಗಡಿಯಾಚೆ 2014ರ ಜೂನ್ 2ರಂದು ತೆಲಂಗಾಣ ರಾಜ್ಯವು ಅಸ್ತಿತ್ವಕ್ಕೆ ಬಂದಿತು. ಆದ್ದರಿಂದ ಹಳೆಯ ದಾಖಲೆಯಲ್ಲಿರುವ ಜಿಲ್ಲೆ ಅಥವಾ ರಾಜ್ಯದ ಹೆಸರು ಇಂದಿನ ಹೆಸರಿಗಿಂತ ಭಿನ್ನವಾಗಿರುವುದು ಸಹಜ. ಅಂತಹ ದಾಖಲೆಯನ್ನು ಸಲ್ಲಿಸುವಾಗ ಗ್ರಾಮದ ಹೆಸರಿನೊಂದಿಗೆ ಅಂದಿನ ಹಾಗೂ ಇಂದಿನ ತಾಲ್ಲೂಕು ಮತ್ತು ಜಿಲ್ಲೆಯನ್ನು ಅರ್ಜಿಯಲ್ಲಿ ನಮೂದಿಸುವುದು ಸೂಕ್ತ.

3. ಹಿಂದುಳಿದಿರುವಿಕೆಯ ಪ್ರಮಾಣ

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ರಾಜ್ಯ ಸರ್ಕಾರವು 2000ದಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ ಮತ್ತು 35 ಹಿಂದುಳಿದ ತಾಲ್ಲೂಕುಗಳಾಗಿದ್ದವು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ರಾಜ್ಯದ ಸರಾಸರಿಯನ್ನು 1 ಎಂದು ಪರಿಗಣಿಸಿದ ಸೂಚ್ಯಂಕದಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು 0.53ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಅಸಮತೋಲನ ನಿವಾರಣೆಗೆ ಎಂಟು ವರ್ಷಗಳ ಅವಧಿಯಲ್ಲಿ ಹೆಚ್ಚುವರಿಯಾಗಿ ರೂ. 16,000 ಕೋಟಿ ವೆಚ್ಚ ಮಾಡುವಂತೆ ಸಮಿತಿಯು ಶಿಫಾರಸು ಮಾಡಿತು.

ಕರ್ನಾಟಕ ಮಾನವ ಅಭಿವೃದ್ಧಿ ವರದಿ, 2005ರಲ್ಲಿಯೂ 2001ನೇ ಸಾಲಿಗೆ ಸಂಬಂಧಿಸಿದಂತೆ ಅಂದಿನ 27 ಜಿಲ್ಲೆಗಳಲ್ಲಿ ರಾಯಚೂರು ಕೊನೆಯ ಸ್ಥಾನದಲ್ಲಿಯೂ ಗುಲ್ಬರ್ಗಾ ಅದರ ಮೇಲಿನ ಸ್ಥಾನದಲ್ಲಿಯೂ ಇದ್ದವು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತಾ ಪ್ರಮಾಣ ಶೇ. 75.36 ಇದ್ದಾಗ ರಾಯಚೂರಿನಲ್ಲಿ ಶೇ. 59.56 ಹಾಗೂ ಯಾದಗಿರಿಯಲ್ಲಿ ಶೇ. 51.83 ಇತ್ತು. ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳೂ ಇವೇ ಎರಡು.

4. ಸಂವಿಧಾನದ 371(ಜೆ) ಅನುಚ್ಛೇದ

ಹಳೆಯ ಹೈದರಾಬಾದ್ ರಾಜ್ಯದ ಮೂರು ಭಾಗಗಳಿಗೂ ಸಂವಿಧಾನದಲ್ಲಿ ಬೇರೆ ಬೇರೆ ವಿಶೇಷ ಉಪಬಂಧಗಳಿವೆ. ಮರಾಠವಾಡಕ್ಕೆ 371(2) ಅನುಚ್ಛೇದವು, ಆಂಧ್ರಪ್ರದೇಶ ಮತ್ತು ತೆಲಂಗಾಣಕ್ಕೆ 1973ರ 32ನೇ ತಿದ್ದುಪಡಿಯ ಮೂಲಕ ಬಂದ 371(ಡಿ) ಅನುಚ್ಛೇದವು ಅನ್ವಯಿಸುತ್ತದೆ. ಕರ್ನಾಟಕದ ಭಾಗಕ್ಕೆ ಇಂತಹ ಉಪಬಂಧವು ಸಂವಿಧಾನದ 98ನೇ ತಿದ್ದುಪಡಿ ಅಧಿನಿಯಮ, 2012ರ ಮೂಲಕ ದೊರೆಯಿತು. ಇದರಿಂದ ಸೇರ್ಪಡೆಯಾದ 371(ಜೆ) ಅನುಚ್ಛೇದವು ದಿನಾಂಕ 1-10-2013ರಿಂದ ಜಾರಿಗೆ ಬಂದಿದೆ. ಸದರಿ ಅನುಚ್ಛೇದದ ಅಡಿಯಲ್ಲಿ ರಾಜ್ಯಪಾಲರಿಗೆ ಈ ಕೆಳಕಂಡ ವಿಶೇಷ ಹೊಣೆಗಾರಿಕೆಯನ್ನು ವಹಿಸಲು ಅವಕಾಶವಿದೆ:

(ಅ) ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಸ್ಥಾಪಿಸುವುದು ಮತ್ತು ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡುವುದು;
(ಆ) ಅಭಿವೃದ್ಧಿ ವೆಚ್ಚಕ್ಕಾಗಿ ಹಣವನ್ನು ನ್ಯಾಯಸಮ್ಮತವಾಗಿ ಹಂಚಿಕೆ ಮಾಡುವುದು;
(ಇ) ಸಾರ್ವಜನಿಕ ಉದ್ಯೋಗ, ಶಿಕ್ಷಣ ಮತ್ತು ವೃತ್ತಿ ತರಬೇತಿಯಲ್ಲಿ ಪ್ರದೇಶದ ಜನರಿಗೆ ನ್ಯಾಯಸಮ್ಮತವಾದ ಅವಕಾಶ ಒದಗಿಸುವುದು.

2013ರಲ್ಲಿ ಹೊರಡಿಸಲಾದ ಆದೇಶಗಳಂತೆ ಪ್ರದೇಶದ ಸ್ಥಳೀಯ ವೃಂದದ ಹುದ್ದೆಗಳಲ್ಲಿ 'ಎ' ಗುಂಪಿನ ಕಿರಿಯ ಶ್ರೇಣಿ ಮತ್ತು 'ಬಿ' ಗುಂಪಿನಲ್ಲಿ ಶೇ. 75, 'ಸಿ' ಗುಂಪಿನಲ್ಲಿ ಶೇ. 80 ಹಾಗೂ 'ಡಿ' ಗುಂಪಿನಲ್ಲಿ ಶೇ. 85 ಹುದ್ದೆಗಳನ್ನು ಸ್ಥಳೀಯ ವ್ಯಕ್ತಿಗಳಿಗೆ ಮೀಸಲಿರಿಸಲಾಗಿದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಈ ಪ್ರಮಾಣ ಶೇ. 8 ಆಗಿರುತ್ತದೆ. ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಹಾಗೂ ರಾಜ್ಯದ ಇತರ ಭಾಗದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳನ್ನು ಮೀಸಲಿರಿಸಲಾಗಿದೆ.

ಸಂವಿಧಾನದ ಪ್ರಕಾರ ಈ ಮೀಸಲಾತಿಯು ಜನನದಿಂದ ಅಥವಾ ವಾಸದಿಂದ ಪ್ರದೇಶಕ್ಕೆ ಸೇರಿದವರಿಗೆ ಮಾತ್ರ ಸಲ್ಲುತ್ತದೆ. ಭಾಷೆ ಅಥವಾ ಬಂಧುತ್ವ ಇದಕ್ಕೆ ಆಧಾರವಲ್ಲ. ಗದ್ವಾಲದಲ್ಲಿ ವಾಸಿಸುವ ಕನ್ನಡಿಗರಿಗೆ ಕನ್ನಡಿಗರೆಂಬ ಕಾರಣದಿಂದ ಇದು ದೊರೆಯುವುದಿಲ್ಲ. ರಾಯಚೂರಿನಲ್ಲಿ ಹುಟ್ಟಿ ಬೆಳೆದ ತೆಲುಗು, ಉರ್ದು ಅಥವಾ ಮರಾಠಿ ಭಾಷಿಕರಿಗೆ ಭಾಷೆಯ ಕಾರಣದಿಂದ ಇದನ್ನು ನಿರಾಕರಿಸಲು ಬರುವುದಿಲ್ಲ. ಅಂತೆಯೇ ವಿಜಯಪುರ ಜಿಲ್ಲೆಯ ಇಂಡಿ, ಬೆಳಗಾವಿ ಜಿಲ್ಲೆಯ ಅಥಣಿ ಮುಂತಾದ ತಾಲ್ಲೂಕುಗಳು ಗಡಿ ತಾಲ್ಲೂಕುಗಳಾಗಿದ್ದರೂ 371(ಜೆ) ವ್ಯಾಪ್ತಿಗೆ ಒಳಪಡುವುದಿಲ್ಲ.

5. ಅಭಿವೃದ್ಧಿ ಮಂಡಳಿ ಮತ್ತು ಗಡಿ ಪ್ರಾಧಿಕಾರ

ಸಾರ್ವಜನಿಕರು ಈ ಎರಡು ಸಂಸ್ಥೆಗಳನ್ನು ಒಂದೇ ಎಂದು ಭಾವಿಸುವ ಸಾಧ್ಯತೆ ಇರುವುದರಿಂದ ವ್ಯತ್ಯಾಸವನ್ನು ಸ್ಪಷ್ಟಪಡಿಸಲಾಗಿದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು 371(ಜೆ) ಅಡಿಯಲ್ಲಿ ರಚಿತವಾಗಿದ್ದು, ಕೇಂದ್ರ ಕಚೇರಿಯು ಕಲಬುರಗಿಯಲ್ಲಿದೆ. ಇದರ ವ್ಯಾಪ್ತಿ ಮೇಲ್ಕಂಡ ಏಳು ಜಿಲ್ಲೆಗಳು. 2023-24ನೇ ಸಾಲಿನ ಆಯವ್ಯಯದಲ್ಲಿ ಮಂಡಳಿಗೆ ರೂ. 5,000 ಕೋಟಿ ಘೋಷಿಸಲಾಯಿತು. ಮಂಡಳಿಯ ಅನುದಾನವು ಮುಖ್ಯವಾಗಿ ಶಾಲಾ ಕೊಠಡಿ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು ಮುಂತಾದ ಸಾರ್ವಜನಿಕ ಕಾಮಗಾರಿಗಳಿಗೆ ವಿನಿಯೋಗವಾಗುತ್ತದೆ. ಆದುದರಿಂದ ಗ್ರಾಮದ ಅಗತ್ಯವನ್ನು ವೈಯಕ್ತಿಕ ಮನವಿಗಿಂತ ಗ್ರಾಮ ಸಭೆ ಅಥವಾ ಗ್ರಾಮ ಪಂಚಾಯಿತಿಯ ನಿರ್ಣಯದ ಮೂಲಕ ಮುಂದಿಡುವುದು ಹೆಚ್ಚು ಉಪಯುಕ್ತ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು 2010ರ ಅಧಿನಿಯಮದ ಅಡಿಯಲ್ಲಿ ಸ್ಥಾಪಿತವಾಗಿದೆ. ಇದರ ವ್ಯಾಪ್ತಿಯು ರಾಜ್ಯದ ಎಲ್ಲಾ ದಿಕ್ಕಿನ ಗಡಿ ತಾಲ್ಲೂಕುಗಳು. ಇದಲ್ಲದೆ ನೆರೆ ರಾಜ್ಯಗಳ ಕನ್ನಡ ಪ್ರದೇಶಗಳಲ್ಲಿ ಕನ್ನಡ ಶಾಲೆಗಳಿಗೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳಿಗೆ ಪ್ರಾಧಿಕಾರವು ನೆರವು ನೀಡುತ್ತದೆ. ಅಂದರೆ ಮಂಡಳಿಯ ಕಾರ್ಯವು ಎಲ್ಲೆಯ ಒಳಗೆ ನಿಲ್ಲುತ್ತದೆ. ಪ್ರಾಧಿಕಾರದ ನೆರವು ಎಲ್ಲೆಯ ಆಚೆಯ ಕನ್ನಡಿಗರಿಗೂ ತಲುಪುತ್ತದೆ.

6. ಅಂತರರಾಜ್ಯ ಸಹಕಾರದ ವ್ಯವಸ್ಥೆ

6.1 ವಲಯ ಪರಿಷತ್ತು: ರಾಜ್ಯಗಳನ್ನು ವಿಂಗಡಿಸಿದ 1956ರ ಅಧಿನಿಯಮವೇ ಅವುಗಳ ನಡುವಿನ ಸಹಕಾರಕ್ಕಾಗಿ ವಲಯ ಪರಿಷತ್ತುಗಳನ್ನೂ ಸ್ಥಾಪಿಸಿದೆ. ಆರ್ಥಿಕ ಮತ್ತು ಸಾಮಾಜಿಕ ಯೋಜನೆ, ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು ಹಾಗೂ ಅಂತರರಾಜ್ಯ ಸಾರಿಗೆ ವಿಷಯಗಳನ್ನು ಇವು ಚರ್ಚಿಸಿ ಸಲಹೆ ನೀಡಬಹುದು. ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ ದಕ್ಷಿಣ ವಲಯ ಪರಿಷತ್ತಿನಲ್ಲಿವೆ. ಮಹಾರಾಷ್ಟ್ರವು ಪಶ್ಚಿಮ ವಲಯ ಪರಿಷತ್ತಿನಲ್ಲಿದೆ. ಇವು ಸಲಹಾ ಸ್ವರೂಪದ ಸಂಸ್ಥೆಗಳಾಗಿರುವುದರಿಂದ ವೈಯಕ್ತಿಕ ಅರ್ಜಿಗಳಿಗೆ ಇಲ್ಲಿ ಅವಕಾಶವಿರುವುದಿಲ್ಲ.

6.2 ತುಂಗಭದ್ರಾ ಮಂಡಳಿ: ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯವು ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣಕ್ಕೆ ಸಂಬಂಧಿಸಿದೆ. ಇದರ ನಿರ್ವಹಣೆಗಾಗಿ ಆಂಧ್ರ ರಾಜ್ಯ ಅಧಿನಿಯಮ, 1953ರ ಅಡಿಯಲ್ಲಿ ತುಂಗಭದ್ರಾ ಮಂಡಳಿಯನ್ನು ರಚಿಸಲಾಗಿದ್ದು, ಅಧ್ಯಕ್ಷರನ್ನು ಕೇಂದ್ರ ಸರ್ಕಾರವು ನೇಮಿಸುತ್ತದೆ. ಜಲಾಶಯ ಹಾಗೂ ಬಲದಂಡೆಯ ಅಂತರರಾಜ್ಯ ಕಾಲುವೆಗಳು ಮಂಡಳಿಯ ನಿಯಂತ್ರಣದಲ್ಲಿವೆ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಗೆ ನೀರುಣಿಸುವ ಎಡದಂಡೆ ಮುಖ್ಯ ಕಾಲುವೆಯು ಕರ್ನಾಟಕದ ನಿರ್ವಹಣೆಯಲ್ಲಿದ್ದು, ನೀರು ಬಿಡುವ ದಿನಾಂಕಗಳನ್ನು ನೀರಾವರಿ ಸಲಹಾ ಸಮಿತಿಯು ನಿರ್ಧರಿಸುತ್ತದೆ.

ಇಂತಹ ಜಂಟಿ ವ್ಯವಸ್ಥೆಯ ಮಹತ್ವವು 2024ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಆ ತಿಂಗಳ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೇ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಅಪಾರ ಪ್ರಮಾಣದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟುಗಳ ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಅಳವಡಿಸಿ ಉಳಿದ ನೀರನ್ನು ರಕ್ಷಿಸಲಾಯಿತು. ಅಂದು ಉಳಿದ ನೀರು ಮೂರು ರಾಜ್ಯಗಳ ರೈತರ ಬೆಳೆಗೆ ಸಂಬಂಧಿಸಿದ್ದಾಗಿತ್ತು.

6.3 ರಾಜೋಳಿಬಂಡಾ ತಿರುವು ಯೋಜನೆ: ರಾಯಚೂರು ಜಿಲ್ಲೆಯ ರಾಜೋಳಿಬಂಡಾದಲ್ಲಿ ತುಂಗಭದ್ರಾ ನದಿಗೆ ಅಡ್ಡಲಾಗಿರುವ ಈ ಅಣೆಕಟ್ಟಿನ ಕೆಲಸವು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಆರಂಭವಾಯಿತು. ಆಗ ಕಾಲುವೆಯ ತಲೆಭಾಗ ಮತ್ತು ಕೊನೆಭಾಗ ಎರಡೂ ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನಂತರ ಅಣೆಕಟ್ಟು ಹಾಗೂ ಕಾಲುವೆಯ ಮೊದಲ ಭಾಗ ಕರ್ನಾಟಕದಲ್ಲಿ ಉಳಿದವು. ಅಚ್ಚುಕಟ್ಟಿನ ಬಹುಭಾಗವಾದ ಗದ್ವಾಲ, ಆಲಂಪುರ ಪ್ರದೇಶವು ನೆರೆ ರಾಜ್ಯಕ್ಕೆ ಸೇರಿತು. ಯೋಜನೆಗೆ ಹಂಚಿಕೆಯಾದ 17.1 ಟಿ.ಎಂ.ಸಿ. ಅಡಿ ನೀರಿನಲ್ಲಿ ಕರ್ನಾಟಕದ ಪಾಲು 1.2 ಹಾಗೂ ಇಂದಿನ ತೆಲಂಗಾಣದ ಪಾಲು 15.9 ಟಿ.ಎಂ.ಸಿ. ಅಡಿ. ಅಚ್ಚುಕಟ್ಟು ಪ್ರದೇಶವು ಕರ್ನಾಟಕದಲ್ಲಿ 5,879 ಎಕರೆ ಮತ್ತು ತೆಲಂಗಾಣದಲ್ಲಿ 87,500 ಎಕರೆ.

ಕಾಲುವೆಯಲ್ಲಿ ಹೂಳು ತುಂಬಿದರೆ ನಷ್ಟವಾಗುವುದು ಹೆಚ್ಚಾಗಿ ಕೆಳಭಾಗದ ರಾಜ್ಯದ ರೈತರಿಗೆ. ಹೂಳು ತೆಗೆಯಬೇಕಾದ ಸ್ಥಳ ಇರುವುದು ಮೇಲ್ಭಾಗದ ರಾಜ್ಯದಲ್ಲಿ. ಕೆಳಭಾಗದ ರಾಜ್ಯದ ಹಣದಿಂದ ಕರ್ನಾಟಕದ ಮೂಲಕ ಆಧುನೀಕರಣ ಕಾಮಗಾರಿಯನ್ನು ಕೈಗೊಂಡಾಗ, ಅಣೆಕಟ್ಟಿನ ಎತ್ತರವನ್ನು ಹೆಚ್ಚಿಸುವುದಕ್ಕೆ ನದಿಯ ಎದುರು ದಂಡೆಯ ಕರ್ನೂಲು ಭಾಗದ ರೈತರಿಂದ ಆಕ್ಷೇಪಣೆ ಬಂದು ಕೆಲಸವು ಸ್ಥಗಿತಗೊಂಡಿತು. ಗಡಿ ಪ್ರದೇಶದಲ್ಲಿ ಒಂದು ರಾಜ್ಯವು ಹಣ ಒದಗಿಸಿದ ಮಾತ್ರಕ್ಕೆ ಕೆಲಸವು ಪೂರ್ಣಗೊಳ್ಳುವುದಿಲ್ಲ, ಸಂಬಂಧಿಸಿದ ಎಲ್ಲಾ ರಾಜ್ಯಗಳ ಸಮ್ಮತಿ ಅಗತ್ಯ ಎಂಬುದಕ್ಕೆ ಇದು ನಿದರ್ಶನ.

6.4 ಸಾರಿಗೆ: ರಾಜ್ಯಗಳ ನಡುವೆ ಬಸ್ಸುಗಳ ಸಂಚಾರವು ಮೋಟಾರು ವಾಹನ ಅಧಿನಿಯಮ, 1988ರ 88ನೇ ಪ್ರಕರಣದ ಅನ್ವಯ ಮಾಡಿಕೊಳ್ಳುವ ಪರಸ್ಪರ ಒಪ್ಪಂದಗಳಿಗೆ ಒಳಪಟ್ಟಿರುತ್ತದೆ. ಒಪ್ಪಂದದ ಪ್ರಸ್ತಾವನೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಮನವಿ ಸಲ್ಲಿಸಲು ಕನಿಷ್ಠ 30 ದಿನಗಳ ಕಾಲಾವಕಾಶ ನೀಡಬೇಕಾಗಿರುತ್ತದೆ. ಬಸ್ ಸೌಕರ್ಯವಿಲ್ಲದ ಗಡಿ ಗ್ರಾಮಗಳ ನಿವಾಸಿಗಳು ಈ ಅವಕಾಶವನ್ನು ಬಳಸಿಕೊಳ್ಳಬಹುದು. 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಬೀದರ್-ಕಲಬುರಗಿ ರೈಲು ಮಾರ್ಗ ಹಾಗೂ 2013ರಲ್ಲಿ ಆರಂಭವಾದ ಗದ್ವಾಲ-ರಾಯಚೂರು ರೈಲು ಮಾರ್ಗ ಗಡಿ ಪ್ರದೇಶದ ಸಂಪರ್ಕವನ್ನು ಸುಧಾರಿಸಿವೆ.

6.5 ಕೃಷಿ ಉತ್ಪನ್ನ: ಗಡಿಯ ಎರಡೂ ಬದಿಯಲ್ಲಿ ತೊಗರಿಯು ಪ್ರಮುಖ ಬೆಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ನೆರೆಯ ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಎರಡೂ ಪ್ರತ್ಯೇಕ ನೋಂದಣಿಗಳು. ಬೆಳೆಗಾರರು ತಮ್ಮ ಜಮೀನು ಇರುವ ಪ್ರದೇಶದ ಸೂಚಿಕೆಗೆ ಮಾತ್ರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು.

7. ಅರ್ಜಿದಾರರು ಗಮನಿಸಬೇಕಾದ ಸಂದರ್ಭಗಳು

7.1 ಹೆರಿಗೆಯು ನೆರೆ ರಾಜ್ಯದಲ್ಲಿ ಆದಾಗ: ಜನನವನ್ನು ಅದು ಸಂಭವಿಸಿದ ಸ್ಥಳದಲ್ಲಿ 21 ದಿನಗಳೊಳಗೆ ನೋಂದಾಯಿಸಬೇಕು. ಸೊಲ್ಲಾಪುರ, ಹೈದರಾಬಾದ್ ಅಥವಾ ಕರ್ನೂಲಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣ ಪತ್ರವನ್ನು ಅಲ್ಲಿನ ನೋಂದಣಾಧಿಕಾರಿಯೇ ನೀಡುತ್ತಾರೆ. ಅದು ದೇಶದೆಲ್ಲೆಡೆ ಮಾನ್ಯವಾಗಿರುತ್ತದೆ. ಆದರೆ ಅದರಲ್ಲಿ ಜನ್ಮಸ್ಥಳವು ಕಲ್ಯಾಣ ಕರ್ನಾಟಕದ ಹೊರಗೆ ಇರುವುದರಿಂದ, ಮುಂದೆ 371(ಜೆ) ಪ್ರಮಾಣ ಪತ್ರ ಕೋರುವಾಗ ಜನನದ ಬದಲು ವಾಸದ ಆಧಾರವನ್ನು ತೋರಿಸಬೇಕಾಗುತ್ತದೆ. ಇದರಿಂದ ಹಕ್ಕು ತಪ್ಪಿಹೋಯಿತೆಂದು ಭಾವಿಸಬೇಕಾಗಿಲ್ಲ. ತಂದೆ-ತಾಯಿಯ ವಾಸಕ್ಕೆ ಸಂಬಂಧಿಸಿದ ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ, ಪಹಣಿ ಹಾಗೂ ಮಗುವಿನ ಶಾಲಾ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

7.2 ವಿವಾಹದಿಂದ ರಾಜ್ಯ ಬದಲಾದಾಗ: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸ್ಥಾನಮಾನವು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ನಿರ್ದಿಷ್ಟವಾಗಿರುತ್ತದೆ. ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ವಲಸೆ ಹೋದವರು ಅಲ್ಲಿ ಅದೇ ಸ್ಥಾನಮಾನವನ್ನು ತಾನಾಗಿ ಪಡೆಯುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ 1990ರಲ್ಲಿ ತೀರ್ಪು ನೀಡಿದೆ. ಜಾತಿಯ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ ಈ ನಿಯಮವು ಅನ್ವಯಿಸುತ್ತದೆ. ಆದ್ದರಿಂದ ತೆಲಂಗಾಣದಿಂದ ರಾಯಚೂರಿಗೆ ವಿವಾಹವಾಗಿ ಬಂದ ಮಹಿಳೆಯು ತನ್ನ ತವರು ರಾಜ್ಯದ ಜಾತಿ ಪ್ರಮಾಣ ಪತ್ರದ ಆಧಾರದ ಮೇಲೆ ಕರ್ನಾಟಕದ ಹುದ್ದೆಗಳಲ್ಲಿ ಮೀಸಲಾತಿ ಕೋರಲು ಬರುವುದಿಲ್ಲ. ತವರು ರಾಜ್ಯದಲ್ಲಿನ ಆಕೆಯ ಸ್ಥಾನಮಾನವು ವಿವಾಹದಿಂದ ರದ್ದಾಗುವುದಿಲ್ಲ.

7.3 ಪಡಿತರ: 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯ ಅಡಿಯಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದ ಫಲಾನುಭವಿಗಳು ಬೆರಳಚ್ಚು ದೃಢೀಕರಣದ ಮೂಲಕ ಯಾವುದೇ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿ ಆಹಾರಧಾನ್ಯ ಪಡೆಯಬಹುದು. ದುಡಿಮೆಗಾಗಿ ಹೈದರಾಬಾದ್, ಪುಣೆ ಅಥವಾ ಮುಂಬಯಿಗೆ ಹೋಗುವ ಕುಟುಂಬಗಳಿಗೆ ಇದು ಉಪಯುಕ್ತ. ಆದರೆ ಕೇಂದ್ರದ ಪಾಲಿನ ಧಾನ್ಯ ಮಾತ್ರ ಹೀಗೆ ದೊರೆಯುತ್ತದೆ. ರಾಜ್ಯ ಸರ್ಕಾರವು ಹೆಚ್ಚುವರಿಯಾಗಿ ನೀಡುವ ಪ್ರಮಾಣವು ಬೇರೆ ರಾಜ್ಯದಲ್ಲಿ ದೊರೆಯುವುದಿಲ್ಲ.

7.4 ಎರಡೂ ಬದಿಯಲ್ಲಿ ಜಮೀನು ಇದ್ದಾಗ: ಹಕ್ಕು ದಾಖಲೆ, ಬೆಳೆ ವಿಮೆ ಮತ್ತು ಬೆಳೆ ಪರಿಹಾರಕ್ಕಾಗಿ ಜಮೀನು ಇರುವ ರಾಜ್ಯದಲ್ಲಿಯೇ ಅರ್ಜಿ ಸಲ್ಲಿಸಬೇಕು. ಕರ್ನಾಟಕದ ಪಹಣಿ ಹಾಗೂ 'ಫ್ರೂಟ್ಸ್' ಗುರುತಿನ ಸಂಖ್ಯೆಯು ಕರ್ನಾಟಕದ ಜಮೀನಿಗೆ ಮಾತ್ರ ಸಂಬಂಧಿಸಿರುತ್ತದೆ.

7.5 ನೆರೆ ರಾಜ್ಯದಲ್ಲಿರುವ ಕನ್ನಡಿಗರ ಮಕ್ಕಳು: ಹೊರನಾಡು ಹಾಗೂ ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಕರ್ನಾಟಕದ ವೃತ್ತಿ ಶಿಕ್ಷಣ ಕೋರ್ಸುಗಳ ಪ್ರವೇಶದಲ್ಲಿ ಪ್ರತ್ಯೇಕ ಅರ್ಹತಾ ಉಪಬಂಧವಿದೆ. ಇವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ಇದು 371(ಜೆ) ಮೀಸಲಾತಿಯಿಂದ ಭಿನ್ನವಾದುದು.

8. 371(ಜೆ) ಪ್ರಮಾಣ ಪತ್ರ ಮತ್ತು ಕಾಲಮಿತಿ

ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣ ಪತ್ರವನ್ನು ಸಂಬಂಧಪಟ್ಟ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಪ್ರವೇಶ ಅಥವಾ ನೇಮಕಾತಿಯ ಪ್ರಕಟಣೆ ಹೊರಬಿದ್ದ ಮೇಲೆ ಅರ್ಜಿ ಸಲ್ಲಿಸಿದಲ್ಲಿ ಪರಿಶೀಲನೆಗೆ ಸಮಯ ಸಾಲದೆ ಹೋಗಬಹುದು. ಆದುದರಿಂದ ಮುಂಚಿತವಾಗಿಯೇ ಪಡೆದುಕೊಳ್ಳುವುದು ಒಳಿತು.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಡುವ ಪ್ರತಿಯೊಂದು ಸೇವೆಯ ಅರ್ಜಿಗೂ ಸ್ವೀಕೃತಿ ಪತ್ರ ಹಾಗೂ 15 ಅಂಕಿಗಳ ಸಂಖ್ಯೆಯನ್ನು ನೀಡಲಾಗುತ್ತದೆ. ಇದನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನು, ಅನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೇ ಮೇಲ್ಮನವಿಯನ್ನು ಸಲ್ಲಿಸಬಹುದು. ವಿಳಂಬಕ್ಕಾಗಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳತಕ್ಕದ್ದು. ಮೌಖಿಕ ಉತ್ತರದ ಆಧಾರದ ಮೇಲೆ ಮೇಲ್ಮನವಿಯನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

9. ಸಾರಾಂಶ

ನೀರು, ರಸ್ತೆ, ಪಡಿತರದ ಕೇಂದ್ರ ಪಾಲು ಮತ್ತು ಜನನ ಪ್ರಮಾಣ ಪತ್ರದ ಮಾನ್ಯತೆಗಳು ರಾಜ್ಯದ ಎಲ್ಲೆಯನ್ನು ದಾಟುತ್ತವೆ. 371(ಜೆ) ಮೀಸಲಾತಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ಸ್ಥಾನಮಾನ, ಜಮೀನಿನ ದಾಖಲೆ ಹಾಗೂ ರಾಜ್ಯದ ಸ್ವಂತ ಯೋಜನೆಗಳು ದಾಟುವುದಿಲ್ಲ. ಗಡಿ ಗ್ರಾಮಗಳ ನಿವಾಸಿಗಳು ಯಾವುದೇ ಅರ್ಜಿ ಸಲ್ಲಿಸುವ ಮೊದಲು, ಕೋರುತ್ತಿರುವ ಸೌಲಭ್ಯವು ಜನನ, ವಾಸ, ಜಮೀನು ಇವುಗಳಲ್ಲಿ ಯಾವುದನ್ನು ಆಧರಿಸಿದೆ ಎಂಬುದನ್ನು ಖಚಿತಪಡಿಸಿಕೊಂಡು ಅದಕ್ಕೆ ತಕ್ಕ ದಾಖಲೆಗಳನ್ನು ಲಗತ್ತಿಸುವುದು. ಹೆಚ್ಚಿನ ಮಾಹಿತಿಗಾಗಿ ಹತ್ತಿರದ ನಾಡಕಚೇರಿ, ತಹಶೀಲ್ದಾರರ ಕಚೇರಿ ಅಥವಾ ಸಹಾಯಕ ಆಯುಕ್ತರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.